ಜೊತೆಗೆ ಬರೋರ ದಿನಗೂಲಿ ಯಾರು ಕೊಡ್ತಾರೆ?

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರೋ ಹಿರಿಯರಿಗೆ, ಮಕ್ಕಳನ್ನ ಕರ್ಕೊಂಡು ಬಂದಿರೋ ಅಮ್ಮಂದಿರಿಗೆ, ಬಾಗಿಲ ಹತ್ರ ನಿಂತಿರೋ ಅಣ್ಣಂದಿರಿಗೆ... ಬನ್ನಿ ಅಣ್ಣ, ಮುಂದೆ ಕುರ್ಚಿ ಇದಾವೆ. ಇವತ್ತು ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ನಮ್ಮ ಕೊಡಗಲ್ಲಿ ಈ ದಿನ ಪ್ರತಿ ವರ್ಷಾನೂ ಕಾಫಿ ಕೊಯ್ಲಿನ ಟೈಮಿಗೇ ಬರುತ್ತೆ, ಹಾಗಾಗಿ ಯಾರು ಇಲ್ಲಿ ಮುಂದಿನ ಸಾಲಲ್ಲಿ ಕೂತಿರ್ಬೇಕಿತ್ತೋ ಅವರಲ್ಲಿ ಎಷ್ಟೋ ಜನ ಈಗ ತೋಟದಲ್ಲಿ ಚೀಲ ಕಟ್ಕೊಂಡು ನಿಂತಿದ್ದಾರೆ. ಒಂದು ದಿನದ ಕೂಲಿ ಬಿಟ್ಟು ಬರೋಕಾಗಲ್ಲ ಅವರಿಗೆ. ನಾನು ಮಾತಾಡೋಕೆ ಬಂದಿರೋ ವಿಷ್ಯಾನೂ ಅದೇ.

ನನಗಿಂತ ಮುಂಚೆ ಮಾತಾಡಿದವರು ಹೇಳಿದ್ರು, ಬೌದ್ಧಿಕ ವಿಕಲತೆ ಇರೋ ಮಕ್ಕಳಿಗೆ ಕಾಲೇಜ್ ಫೀಸ್ ಪೂರ್ತಿ ಮಾಫಿ ಮಾಡ್ಬೇಕು ಅಂತ. ಮಾಡ್ಲಿ, ನಾನೂ ಕೈ ಎತ್ತುತೀನಿ. ಆದ್ರೆ 22 ವರ್ಷ ಒಂದು ಕಾಲೇಜ್ ಆಫೀಸಲ್ಲಿ ಸ್ಕಾಲರ್‌ಶಿಪ್ ಸೆಕ್ಷನ್ ನೋಡ್ಕೊಂಡಿದ್ದೋಳು ನಾನು, ಫೀಸ್ ಕಟ್ಟೋಕಾಗ್ದೆ ಕಾಲೇಜ್ ಬಿಟ್ಟ ಇಂಥ ಮಗು ಒಂದನ್ನೂ ನೋಡಿಲ್ಲ. ಫೀಸಿಗೆ ಯಾರೋ ಒಬ್ಬರು ಸಿಗ್ತಾರೆ, ಲೆಕ್ಚರರ್‌ಗಳೇ ಕೈಯಿಂದ ಹಾಕ್ತಾರೆ, ತೋಟದ ಸಾಹುಕಾರ್ರು ಕೊಡ್ತಾರೆ. ಬಿಟ್ಟೋರೆಲ್ಲ ಬಿಟ್ಟಿದ್ದು ಜೊತೆಗೆ ಬರೋಕೆ ಯಾರೂ ಇಲ್ಲ ಅಂತ.

ಒಂದು ಹುಡುಗಿ ಕತೆ ಹೇಳ್ಬೇಕು. ಹೆಸರು ಹೇಳಲ್ಲ, ಅವಳ ಅಮ್ಮನಿಗೆ ಹೇಳಿ ಬಂದಿದೀನಿ. ಮಾದಾಪುರ ಕಡೆಯ ಲೈನ್‌ಮನೆ, ಅಂದ್ರೆ ತೋಟದ ಕೂಲಿಯವರ ಸಾಲುಮನೆ ಮಗು, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಹತ್ತನೇದು ಎನ್‌ಐಓಎಸ್‌ನಲ್ಲಿ, ಅಂದ್ರೆ ಕೇಂದ್ರದ ಮುಕ್ತ ಶಾಲೇಲಿ ಮಾಡಿದ್ಳು, ಅದು ಬಹಳ ಒಳ್ಳೇ ವ್ಯವಸ್ಥೆ, ಗೊತ್ತಿಲ್ದೋರು ಇವತ್ತೇ ತಿಳ್ಕೊಳಿ, ಒಂದು ಸಲ ರಿಜಿಸ್ಟರ್ ಆದ್ರೆ 5 ವರ್ಷ ಟೈಮ್, 9 ಸಲ ಪರೀಕ್ಷೆ ಬರೆಯೋ ಅವಕಾಶ, ಒಂದೊಂದೇ ಸಬ್ಜೆಕ್ಟ್ ಪಾಸ್ ಮಾಡ್ಕೊಂಡು ಹೋಗ್ಬಹುದು. ಅವಳು ಹಾಗೇ ಮಾಡಿದ್ದು. ಆಮೇಲೆ ಪಿಯುಸಿನೂ ನಿಧಾನಕ್ಕೆ ಮುಗಿಸಿ 2018ರಲ್ಲಿ ನಮ್ಮಲ್ಲಿಗೆ ಬಿಎಗೆ ಬಂದ್ಳು. ಯಾಕಮ್ಮ ಕಾಲೇಜು ಅಂದ್ರೆ, ತಮ್ಮ ಹೋಗ್ತಾನಲ್ಲ ಅಂದ್ಳು. ಅಷ್ಟೇ ಕಾರಣ. ಬೇರೆ ಮಕ್ಕಳನ್ನ ನಾವು ಕಾರಣ ಕೇಳೋದೇ ಇಲ್ಲ ನೋಡಿ.

ದಿನಾ ಬೆಳಗ್ಗೆ ಅಮ್ಮ ಮಗಳು ಇಬ್ರೂ ಬಸ್ ಇಳಿಯೋರು. ಮಗಳು ಕ್ಲಾಸಿಗೆ, ಅಮ್ಮ ನಮ್ಮ ಆಫೀಸ್ ವರಾಂಡದ ಕಲ್ಲುಬೆಂಚಿಗೆ. ಮೂರೂವರೆ ತನಕ ಅಲ್ಲೇ. ನಾನು ಮೊದ್ಲು ಅವರಿಗೇನೋ ಕೆಲಸ ಆಗ್ಬೇಕಾಗಿದೆ ಅಂದ್ಕೊಂಡು ಮೂರು ದಿನ ಕೇಳಿದೆ, ಏನಮ್ಮ ಬೇಕಿತ್ತು ಅಂತ. ನಾಲ್ಕನೇ ದಿನ ಕೂರಿಸಿ ಮಾತಾಡಿದಾಗ ಗೊತ್ತಾಯ್ತು, ವಾಪಸ್ ಹೋಗಿ ಮತ್ತೆ ಬರೋಕೆ ಬಸ್ ಇಲ್ಲ, ಹೋದ್ರೂ ತೋಟದಲ್ಲಿ ಹಾಜರಿ ಬರೆಯೋ ರೈಟರ್ ಮಧ್ಯಾಹ್ನ ಹೋದೋರಿಗೆ ಹಾಜರಿ ಹಾಕಲ್ಲ, ಅಂದ್ರೆ ಆ ತಾಯಿ ಮಗಳ ಕಾಲೇಜಿಗೋಸ್ಕರ ದಿನಾ ಪೂರ್ತಿ ಕೂಲಿ ಬಿಟ್ಟು ಬರ್ತಿದ್ರು. ನಾನು ಅವತ್ತು ರಿಜಿಸ್ಟರ್ ಹಿಂದಿನ ಪುಟದಲ್ಲಿ ಪೆನ್ಸಿಲಲ್ಲಿ ಲೆಕ್ಕ ಹಾಕಿದೆ. ಇಬ್ಬರ ಬಸ್ ಚಾರ್ಜು, ಎರಡು ಟೀ, ಬಿಟ್ಟ ಕೂಲಿ. ಹದಿನೈದು ದಿನಕ್ಕೆ ಆ ಲೆಕ್ಕ ಅವಳ ಇಡೀ ವರ್ಷದ ಫೀಸನ್ನ ದಾಟಿ ಹೋಯ್ತು. ಹದಿನೈದೇ ದಿನ! ನಾವೆಲ್ಲ ಸ್ಟಾಫ್‌ರೂಮಲ್ಲಿ ಕೂತು ಫೀಸಿಗೆ ಚಂದಾ ಎತ್ತಿ ಏನೋ ದೊಡ್ಡ ಕೆಲಸ ಮಾಡಿದ್ವಿ ಅಂತ ಖುಷಿ ಪಟ್ಟಿದ್ವಿ.

ಸ್ಕಾಲರ್‌ಶಿಪ್ ಹಾಕಿಸೋಣ ಅಂತ ಕೂತ್ರೆ ಹೆಸರಿನ ಕಾಟ. ಆಧಾರಲ್ಲಿ ಅಪ್ಪನ ಹೆಸರು ಉದ್ದಕ್ಕೆ, ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ಲು, ಅಂಗವಿಕಲತೆ ಸರ್ಟಿಫಿಕೇಟಲ್ಲಿ ಸ್ಪೆಲಿಂಗೇ ಬೇರೆ. ಕೊಡಗಲ್ಲಿ ಇದು ಲೈನ್‌ಮನೆಯವರ ಕಷ್ಟ ಮಾತ್ರ ಅಲ್ಲ, ಮನೆ ಹೆಸರು ಇರೋ ನಮ್ಮೋರಿಗೂ ಅದೇ ಪಾಡು, ಒಂದು ಕಡೆ ಮನೆ ಹೆಸರು ಮುಂದೆ, ಇನ್ನೊಂದ್ಕಡೆ ಹಿಂದೆ, ಮತ್ತೊಂದ್ಕಡೆ ಒಂದೇ ಅಕ್ಷರ. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಜನ. ತಿದ್ದಿಸೋಕೆ ನಾಲ್ಕು ಸಲ ಓಡಾಡಿದ್ರು, ಪ್ರತಿ ಸಲಾನೂ ಇನ್ನೊಂದು ಕೂಲಿ ಹೋಯ್ತು. ಎಲ್ಲ ಸರಿಯಾಗಿ ದುಡ್ಡು ಮಂಜೂರಾದ್ರೆ ಖಾತೆ ವಹಿವಾಟಿಲ್ಲ ಅಂತ ಬ್ಯಾಂಕಿನವರು ನಿಲ್ಸಿದ್ರು. ಯಾವ ಬ್ಯಾಂಕು ಅಂತ ಬೇಡ. ನಿಮ್ಮ ಮಕ್ಕಳ ಖಾತೆಗೆ ಆಧಾರ್ ಲಿಂಕ್ ಆಗಿದ್ಯಾ, ಖಾತೆ ಜೀವಂತ ಇದ್ಯಾ, ಇದೇ ವಾರ ಹೋಗಿ ನೋಡಿ, ಇದೊಂದು ಮಾತು ನೆನಪಿಟ್ಕೊಂಡು ಹೋದ್ರೂ ನಾನು ಬಂದಿದ್ದು ಸಾರ್ಥಕ.

ಅದೇ ವರ್ಷ ಆಗಸ್ಟಲ್ಲಿ ಗುಡ್ಡ ಜರಿದಿದ್ದು ನಿಮಗೆ ಬಿಡಿಸಿ ಹೇಳ್ಬೇಕಾ. ಆ ಕಡೆ ರಸ್ತೆಗಳೇ ಇರ್ಲಿಲ್ಲ. ಇನ್ನು ಈ ಮಗು ಬರಲ್ಲ ಅಂದ್ಕೊಂಡಿದ್ವಿ. ಬಸ್ ಶುರುವಾದ ಮೊದಲನೇ ದಿನ ಇಬ್ರೂ ಹಾಜರ್! ಆ ಹುಡುಗಿಗೆ ಬಸ್ಸು ಅಂದ್ರೆ ಪ್ರಾಣ, ನಮ್ಮ ರೂಟಿನ ಅಷ್ಟೂ ಬಸ್ಸಿನ ಟೈಮು ಬಾಯಿಪಾಠ, ಹಾರ್ನ್ ಕೇಳಿ ಯಾವ ಗಾಡಿ ಅಂತ ಹೇಳೋಳು. ಪ್ರಿನ್ಸಿಪಾಲ್ರು ಒಂದು ದಿನ ಸೋಮವಾರಪೇಟೆಗೆ ಹೊರಟಿದ್ರು, ಇವಳು ಕಾರಿಡಾರಲ್ಲಿ ತಡೆದು ಸರ್ ಅದು ಹೋಯ್ತು, ಇನ್ನು ನಲವತ್ತು ನಿಮಿಷ ಇದೆ, ಕೂತ್ಕೊಳಿ ಅಂದ್ಳು. ಅವರು ಕೂತ್ರು!

ಅದನ್ನ ನೋಡಿಯೇ ನಮಗೆ ಹೊಳೆದಿದ್ದು. ಬಸ್ಸು ಇಷ್ಟು ಗೊತ್ತಿರೋ ಹುಡುಗಿಗೆ ಅಮ್ಮನೇ ಯಾಕೆ ಬೇಕು, ಜೊತೆಗೊಬ್ಬರು ಇದ್ರೆ ಸಾಕಲ್ವಾ? ಅದೇ ರೂಟಲ್ಲಿ ಬರ್ತಿದ್ದ ಇನ್ನೊಬ್ಬ ಹುಡುಗಿ, ಅವಳ ಕ್ಲಾಸ್‌ಮೇಟೇ, ಕರ್ಕೊಂಡು ಬರೋಕೆ ಒಪ್ಪಿದ್ಳು. ಅವಳ ಬಸ್ ಖರ್ಚು, ಮಧ್ಯಾಹ್ನದ ಊಟ ನಾವು ಸ್ಟಾಫ್ ಹಂಚ್ಕೊಂಡ್ವಿ. ಎರಡು ತಿಂಗಳಿಗೆ ಕಲ್ಲುಬೆಂಚು ಖಾಲಿ ಆಯ್ತು. ಅಮ್ಮ ಕೊಯ್ಲಿಗೆ ವಾಪಸ್ ಹೋದ್ರು. ಆ ಖಾಲಿ ಬೆಂಚ್ ನೋಡಿ ನನಗೆಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ಈಗ ಕೇಳಿ, ನಮ್ಮ ಕಾನೂನಲ್ಲಿ ಏನಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಹಳೇ 1995ರ ಕಾಯ್ದೇಲಿ 3 ಪರ್ಸೆಂಟ್ ಸೀಟಿತ್ತು, ಈಗ ಸರ್ಕಾರಿ ಮತ್ತೆ ಅನುದಾನಿತ ಕಾಲೇಜಲ್ಲಿ 5ಕ್ಕೆ ಕಮ್ಮಿ ಇಲ್ದಂಗೆ ಮೀಸಲು, ವಯಸ್ಸಲ್ಲೂ 5 ವರ್ಷ ಸಡಿಲಿಕೆ. ಉಚಿತ ಶಿಕ್ಷಣದ ಹಕ್ಕು 6ರಿಂದ 18ರವರೆಗೆ. ಅಲ್ಲೇ ನನ್ನ ತಕರಾರು. ನಮ್ಮ ಮಕ್ಕಳು ಹತ್ತನೇದು ಮುಗಿಸೋದೇ ಹದಿನೆಂಟು ಇಪ್ಪತ್ತಕ್ಕೆ. ಕಾಲೇಜ್ ಬಾಗಿಲಿಗೆ ಬಂದು ನಿಂತಾಗ ಉಚಿತದ ಟೈಮ್ ಮುಗಿದಿರುತ್ತೆ. ಕೇಂದ್ರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆ, 40 ಪರ್ಸೆಂಟ್ ಅಥವಾ ಮೇಲೆ ವಿಕಲತೆ ಇರ್ಬೇಕು, ತಂದೆತಾಯಿ ವರಮಾನ ವರ್ಷಕ್ಕೆ 2.5 ಲಕ್ಷದ ಒಳಗೆ. ಒಳ್ಳೇದೇ, ಹಾಕಿ. ಆದ್ರೆ ಹೆಸರಲ್ಲೇ ಇದ್ಯಲ್ಲ ಮೆಟ್ರಿಕ್ ಅಂತ, ಹತ್ತನೇದು ಪಾಸಾಗ್ದೇ ಇರೋ ಮಗುವಿಗೆ ಆ ಬಾಗಿಲು ಇಲ್ಲ.

ಅಮೆರಿಕದವರು 2008ರಲ್ಲಿ ಅವರ ಉನ್ನತ ಶಿಕ್ಷಣ ಕಾಯ್ದೇಲಿ ಒಂದು ದಾರಿ ಮಾಡಿದ್ರು. ಹೈಸ್ಕೂಲ್ ಡಿಪ್ಲೊಮಾ ಇಲ್ದಿದ್ರೂ ಪರ್ವಾಗಿಲ್ಲ, ಡಿಗ್ರಿಗೆ ಅಂತ ಸೇರದಿದ್ರೂ ಪರ್ವಾಗಿಲ್ಲ, ಬೌದ್ಧಿಕ ವಿಕಲತೆ ಇರೋ ವಿದ್ಯಾರ್ಥಿ ಸರ್ಕಾರ ಒಪ್ಪಿರೋ ಕಾಲೇಜ್ ಪ್ರೋಗ್ರಾಮಿಗೆ ಸೇರಿದ್ರೆ ಪೆಲ್ ಗ್ರಾಂಟ್ ಅನ್ನೋ ವಾಪಸ್ ಕಟ್ಟಬೇಕಿಲ್ದಿರೋ ಸರ್ಕಾರಿ ಸಹಾಯ ಸಿಗ್ಬಹುದು, ಕೆಲಸ ಮಾಡ್ತಾ ಓದೋ ವರ್ಕ್ ಸ್ಟಡಿ ದುಡ್ಡೂ ಸಿಗ್ಬಹುದು. ಫೆಡರಲ್ ಸಾಲ ಮಾತ್ರ ಇಲ್ಲ. ಸಾಲ ಇಲ್ದಿರೋದು ಸರಿನೇ ಅಂತ ನನ್ನ ಅಭಿಪ್ರಾಯ, ಈ ಮಕ್ಕಳ ತಲೆ ಮೇಲೆ ಸಾಲ ಹೊರಿಸ್ಬಾರ್ದು. ನಮ್ಮಲ್ಲೂ ಹಾಗೆ ಯಾಕಾಗ್ಬಾರ್ದು, ಒಂದು ವರ್ಷ ಕಾಲೇಜಿಗೆ ಬಂದು ಕಂಪ್ಯೂಟರ್, ಲೈಬ್ರರಿ ಕೆಲಸ, ಬೇಕರಿ ಕೆಲಸ ಕಲ್ತು, ಎಲ್ಲರ ಜೊತೆ ಕ್ಯಾಂಟೀನಲ್ಲಿ ಕೂತು ಹೋಗ್ಲಿ. ಸುಂಟಿಕೊಪ್ಪದಲ್ಲಿ ಸ್ವಸ್ಥ ಅನ್ನೋ ವಿಶೇಷ ಮಕ್ಕಳ ಶಾಲೆ ಇದೆ, ಅಂಥ ಕಡೆ ಕಲ್ತ ಮಕ್ಕಳು ಮುಂದಕ್ಕೆ ಎಲ್ಲಿಗೆ ಹೋಗ್ಬೇಕು?

ಮತ್ತೆ ಬಸ್ಸಿಗೇ ಬರ್ತೀನಿ, ಕ್ಷಮಿಸಿ, ಬರ್ಲೇಬೇಕು. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಎಷ್ಟೋ ತಾಯಂದಿರಿಗೆ ಉಸಿರು ಬಂತು. ಆದ್ರೆ ನಮ್ಮ ಒಳಗಿನ ಊರುಗಳಿಗೆ ಓಡೋದು ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಲೇಬೇಕು. ಗಂಡುಮಕ್ಕಳಿಗೆ ಅಂಗವಿಕಲರ ರಿಯಾಯಿತಿ ಪಾಸ್ ಇದೆ, ಇರೋ ಊರಿಂದ 100 ಕಿಲೋಮೀಟರ್ ತನಕ. ಕುಶಾಲನಗರದ ಹುಡುಗ ಆ ಪಾಸಲ್ಲಿ ಮೈಸೂರು ಮುಟ್ತಾನೆ. ಮಡಿಕೇರಿ ಹುಡುಗ ಮುಟ್ಟಲ್ಲ, ಮಧ್ಯದಲ್ಲೇ ಮುಗಿಯುತ್ತೆ. ಮೌಲ್ಯಮಾಪನ, ಥೆರಪಿ, ಓಪನ್ ಯೂನಿವರ್ಸಿಟಿ ಎಲ್ಲಕ್ಕೂ ನಾವು ಹೋಗ್ಬೇಕಾಗಿರೋದು ಮೈಸೂರಿಗೆ. ಈ 100 ಕಿಲೋಮೀಟರ್ ಮಿತಿಯಿಂದ ನಮ್ಮ ಜಿಲ್ಲೆಗೆ ಒಂದು ವಿನಾಯ್ತಿ ಕೊಡಿ ಅಂತ ಕೇಳೋದು ದೊಡ್ಡ ಮಾತೇನಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಏಳು ಪಾಯಿಂಟ್ ಬರ್ಕೊಂಡು ಬಂದಿದ್ದೆ, ಮೂರಕ್ಕೇ ಹೊತ್ತಾಯ್ತು. ಬೇಗ ಹೇಳ್ತೀನಿ. ಟ್ಯಾಕ್ಸ್ ಕಟ್ಟೋ ತಂದೆತಾಯಿಗಳಿಗೆ ಅಂಗವಿಕಲ ಮಗುವಿನ ಲೆಕ್ಕದಲ್ಲಿ, 1961ರ ಆದಾಯ ತೆರಿಗೆ ಕಾಯ್ದೇಲಿ 80ಡಿಡಿ ಅಂತ ಇರೋದು, ವರಮಾನದಲ್ಲಿ 75,000 ಕಡಿತ, ವಿಕಲತೆ 80 ಪರ್ಸೆಂಟ್ ಅಥವಾ ಮೇಲಿದ್ರೆ 1,25,000, ಹಳೇ ಟ್ಯಾಕ್ಸ್ ಪದ್ಧತೀಲಿ ಮಾತ್ರ. ಮಗುವಿಗೆ 18 ತುಂಬಿದ್ಮೇಲೆ ಬ್ಯಾಂಕಲ್ಲಿ ಗಾರ್ಡಿಯನ್ ಕೇಳಿದ್ರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಅವರ ಸಮಿತಿಗೆ ಅರ್ಜಿ, ಕೋರ್ಟಿಗೆ ಹೋಗ್ಬೇಕಿಲ್ಲ. ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್ ಇಲ್ದೋರು ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ, ಇಲ್ಲೇ ಇದ್ದಾರೆ ಕೆಲವರು, ಕೈ ಎತ್ತಿ ಪ್ಲೀಸ್... ಹಾಂ, ನೋಡ್ಕೊಳಿ.

ಕೊನೇದು, ನನಗೆ ಮುಖ್ಯವಾದ್ದು. ಗ್ರಾಮ ಪಂಚಾಯ್ತಿ ಸ್ವಂತ ಸಂಪನ್ಮೂಲದಲ್ಲಿ 5 ಪರ್ಸೆಂಟ್ ಅಂಗವಿಕಲರಿಗೆ ಇಡ್ಬೇಕು. ಅದರಲ್ಲಿ ವೀಲ್‌ಚೇರು, ತ್ರಿಚಕ್ರ ಬೈಸಿಕಲ್ಲು ಕೊಡ್ತಾರೆ, ಬೇಕಾದೋರಿಗೆ ಕೊಡ್ಲೇಬೇಕು. ಆದ್ರೆ ನಮ್ಮ ಈ ಮಕ್ಕಳು ನಡೀತಾರೆ, ಓಡ್ತಾರೆ, ಅವರಿಗೆ ಬೇಕಿರೋದು ಜೊತೆಗೊಬ್ಬರು. ಜೊತೆಗೆ ಬರೋ ವಿದ್ಯಾರ್ಥಿಯ ಬಸ್ ಖರ್ಚು, ಇಲ್ಲಾ ತಾಯಿಗೆ ದಿನಕ್ಕಿಷ್ಟು ಅಂತ ಆ 5 ಪರ್ಸೆಂಟಿಂದ ಕೊಡಿ ಅಂತ ಗ್ರಾಮಸಭೇಲಿ ಕೇಳೋಣ. ಸಣ್ಣ ಪಂಚಾಯ್ತೀಲಿ ಆ ದುಡ್ಡು ದೊಡ್ಡದಿರಲ್ಲ, ಗೊತ್ತು. ಇಂಥ ಕಾಲೇಜ್ ಮಕ್ಕಳು ಒಂದು ಪಂಚಾಯ್ತಿಗೆ ಎಷ್ಟು ಜನ ಇರ್ತಾರೆ ಹೇಳಿ, ಒಬ್ಬರು, ಇಬ್ಬರು.

ಅರ್ಜಿ ನಮೂನೆ ಬರೆದು ಜೆರಾಕ್ಸ್ ಮಾಡ್ಸಿದೀನಿ, ಬಾಗಿಲ ಹತ್ರ ಮೇಜಿನ ಮೇಲಿದೆ. ಪಂಚಾಯ್ತಿ ಹೆಸರು, ಮಗುವಿನ ಹೆಸರು ತುಂಬೋಕೆ ಜಾಗ ಬಿಟ್ಟಿದೀನಿ, ಹೆಸರನ್ನ ಆಧಾರಲ್ಲಿ ಇದ್ದಂಗೇ ಬರೀರಿ. ಐದೂ ಹತ್ತರ ಬಸ್ಸಿಗೆ ಹೋಗೋರು ಮೊದ್ಲು ತಗೊಳಿ, ಉಳಿದೋರಿಗೆ ನಾನು ಇಲ್ಲೇ ಕೂತು ತುಂಬಿಸಿ ಕೊಡ್ತೀನಿ. ನಮಸ್ಕಾರ.