ಲೇತಿನ ಮುಂದೆ ಒಂದು ಕೆಂಪು ಬಲ್ಬು

ಕೇಳುಗರೆಲ್ಲರಿಗೂ ನಮಸ್ಕಾರ.

ಚನ್ನಪಟ್ಟಣದ ಬೊಂಬೆ ಮಾಡುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಹಿಡಿದು ಕಡೆದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಇದಕ್ಕೆ ಬೇಕಾದದ್ದು ಕೈಯ ಹದ. ಹಾಗಿದ್ದೂ ಕಿವಿ ಕೇಳದವರು, ನಡೆಯಲಾಗದವರು ಬಂದರೆ ‘ನಿಮ್ಮಿಂದಾಗದು’ ಎಂದು ಬಾಗಿಲಲ್ಲೇ ಕಳಿಸಿಬಿಡುತ್ತೇವೆ. ನಾನೂ ಹಾಗೆ ಕಳಿಸಿದ್ದೇನೆ.

ಇದೇ ಕಸುಬಿನ ಸಣ್ಣ ಶೆಡ್ಡು ನಮ್ಮದು. ಮೊದಲು ಸೇರಿದವನು ಕಿವಿ ಕೇಳದ ಹುಡುಗ. ಕೆಲಸ ಬೇಗ ಕಲಿತ. ತೊಂದರೆ ಇದ್ದದ್ದು ನಮ್ಮ ರೂಢಿಯಲ್ಲಿ. ಮೇನ್ ಸ್ವಿಚ್ ಹಾಕುವ ಮುಂಚೆ ನಾವು ಕೂಗಿ ಹೇಳುತ್ತಿದ್ದೆವು. ಒಂದು ದಿನ ಲೇತು ತಿರುಗಿದಾಗ ಅವನ ಕೈ ಮರದ ಮೇಲೇ ಇತ್ತು. ಬೆರಳು ತರಚಿದ್ದಷ್ಟೇ, ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಪ್ರತಿ ಲೇತಿನ ಮುಂದೆ ಕೆಂಪು ಬಲ್ಬು ಹಾಕಿಸಿದೆ. ಅದು ಮಿನುಗಿದರೆ ಕೈ ತೆಗೆಯಬೇಕು. ಶೆಡ್ಡಿನ ಗದ್ದಲದಲ್ಲಿ ನಮ್ಮ ಕೂಗು ಉಳಿದವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ನಂತರ ಗಾಲಿಕುರ್ಚಿಯ ಹೆಣ್ಣುಮಗಳೊಬ್ಬರು ಬಂದರು. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ಕಟ್ಟಿಸಿದೆವು. ಮೊಣಕಾಲು ಒಳಗೆ ಹೋಗುವಂತೆ ಮೇಜಿನ ಅಡಿಯ ಹಲಗೆ ತೆಗೆಸಿದೆವು. ಎಲ್ಲ ಆಯಿತೆಂದೇ ನಮ್ಮ ಭಾವನೆ. ಬೇಸಿಗೆಯಲ್ಲಿ ಗಮನಿಸಿದೆ, ಆಕೆ ಬೆಳಗಿನಿಂದ ಸಂಜೆವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕೇಳಿದರೆ ತಲೆ ತಗ್ಗಿಸಿದರು. ಜೊತೆಗಿದ್ದವರು ಹೇಳಿದರು: ‘ಅಣ್ಣಾ, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸಲ್ಲ.’ ಎಂಟು ತಿಂಗಳು! ಎಂಟು ತಿಂಗಳು ಅವರು ಬಾಯಾರಿಕೊಂಡೇ ದುಡಿದಿದ್ದರು. ನಾನು ಅಳತೆ ತೆಗೆದದ್ದು ಕೆಲಸದ ಮೇಜಿಗೆ ಮಾತ್ರ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ; ಅವರಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ದಯೆಯಲ್ಲ, ಅವರ ಹಕ್ಕು ಎನ್ನುತ್ತದೆ. ನಮ್ಮ ನಾಡಿಗೆ ಈ ವಿಚಾರ ಹೊಸತೂ ಅಲ್ಲ. ಸ್ವತಃ ವೈಕಲ್ಯವಿದ್ದ ಎನ್.ಎಸ್. ಹೇಮಾ ಅವರು 1959ರಲ್ಲೇ ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ವಿಕಲಚೇತನರ ಸಂಸ್ಥೆಯನ್ನು ಕಟ್ಟಿದ್ದರು.

ಹೊಂದಾಣಿಕೆಗೆ ದೊಡ್ಡ ದುಡ್ಡೇ ಬೇಕೆಂದಿಲ್ಲ. ಎಣಿಕೆ ನೆನಪಿನಲ್ಲಿ ನಿಲ್ಲದ ಹುಡುಗನೊಬ್ಬ ನಮ್ಮಲ್ಲಿ ಮಣಿಗಳನ್ನು ಡಬ್ಬಿಗೆ ತುಂಬುತ್ತಾನೆ. ಅವನಿಗಾಗಿ ಹಲಗೆಯೊಂದರಲ್ಲಿ 24 ಕುಳಿ ಕೊರೆದೆವು. ಕುಳಿ ತುಂಬಿದರೆ ಲೆಕ್ಕ ತುಂಬಿತು. ಅವನ ಡಬ್ಬಿಯಲ್ಲಿ ಒಂದು ಮಣಿ ಹೆಚ್ಚುಕಡಿಮೆ ಬಂದದ್ದು ನಾನು ಕಂಡಿಲ್ಲ.

ಕೂಲಿಯ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ವರ್ಷಗಟ್ಟಲೆ ‘ತರಬೇತಿ’ ಎಂದು ಹೆಸರಿಟ್ಟು, ಮಾರಾಟವಾಗುವ ಮಾಲು ಮಾಡಿಸಿಕೊಂಡು, ಬಸ್ ಚಾರ್ಜಿನಷ್ಟು ಕೈಗಿಡುವವರಿದ್ದಾರೆ. ಅದು ಮೋಸ. ಒಂದೇ ಕೆಲಸಕ್ಕೆ ಒಂದೇ ಕೂಲಿ. ಪೀಸ್ ಲೆಕ್ಕದಲ್ಲಿ ಕೈ ನಿಧಾನವಿರುವವರಿಗೆ ನಷ್ಟವಾಗುವುದರಿಂದ ನಾವು ದಿನಗೂಲಿಗೆ ಬದಲಾದೆವು. ಲಾಭ ತುಸು ಇಳಿಯಿತು, ನಿಜ.

ಸೋಮವಾರ ಶೌಚಾಲಯದ ಕೆಲಸಕ್ಕೆ ಗಾರೆಯವರು ಬರುತ್ತಾರೆ. ಬಾಗಿಲು ಎಷ್ಟು ಅಗಲ, ಹಿಡಿಕೆ ಎಷ್ಟು ಎತ್ತರ ಎಂದು ಈ ಸಲ ಅಳತೆ ಹೇಳುವವರು ಆ ಹೆಣ್ಣುಮಗಳೇ. ಟೇಪನ್ನು ಈಗಾಗಲೇ ಅವರ ಕೈಗೆ ಕೊಟ್ಟಿದ್ದೇನೆ.

ನಮಸ್ಕಾರ.