ಎರಡು ಪಾತ್ರ, ಒಂದು ದನಿ

ಕೇಳುಗರಿಗೆ ನಮಸ್ಕಾರ. ಇವತ್ತು ಹೋವರ್ಡ್ ಮೆಕ್‌ನಿಯರ್ ಎಂಬ ಪೋಷಕ ನಟನ ಬಗ್ಗೆ ಹೇಳುತ್ತೇನೆ. 1905ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. 1930ರ ದಶಕದಿಂದಲೇ ರೇಡಿಯೊ ನಾಟಕಗಳಲ್ಲಿದ್ದರು.

ರೇಡಿಯೊ ನಟನಿಗೆ ಬಣ್ಣವಿಲ್ಲ, ಉಡುಪಿಲ್ಲ. ಕೈಯಲ್ಲಿ ಹಾಳೆ, ಎದುರಿಗೆ ಮೈಕು, ಅಷ್ಟೇ. ಮಾತಾಡುತ್ತಿರುವವನು ಮುದುಕನೋ, ಪುಕ್ಕಲನೋ, ಮೋಸಗಾರನೋ ಎಂಬುದು ಒಂದೆರಡು ಮಾತಿನಲ್ಲೇ ಗೊತ್ತಾಗಬೇಕು.

1952ರಲ್ಲಿ ಸಿಬಿಎಸ್ ರೇಡಿಯೊದಲ್ಲಿ ‘ಗನ್‌ಸ್ಮೋಕ್’ ಸರಣಿ ಶುರುವಾಯಿತು. ಅಮೆರಿಕದ ಕಾನ್ಸಾಸ್ ರಾಜ್ಯದ ಡಾಜ್ ಸಿಟಿ ಎಂಬ ಊರಿನ, ಕೌಬಾಯ್ ಕಾಲದ ಕಥೆ. ಅದರಲ್ಲಿ ಮೆಕ್‌ನಿಯರ್ ಊರಿನ ಡಾಕ್ಟರ್ ಆಡಮ್ಸ್. ಮೊದಮೊದಲು ಈ ಡಾಕ್ಟರು ಹೆಣ ಬಿದ್ದರೆ ಶವಪರೀಕ್ಷೆಯ ಶುಲ್ಕ ಬಂತು ಎಂದು ಹಿಗ್ಗುವ ಆಸಾಮಿ. ಬರಬರುತ್ತಾ ಅದೇ ದನಿಯಲ್ಲಿ ದಣಿವು ಬಂತು, ಕರುಣೆ ಬಂತು. ನನಗೆ ಆ ಸರಣಿಯಲ್ಲಿ ಎಲ್ಲರಿಗಿಂತ ಹತ್ತಿರವಾಗುವುದು ಈ ಡಾಕ್ಟರೇ.

1955ರಲ್ಲಿ ‘ಗನ್‌ಸ್ಮೋಕ್’ ಟಿವಿಗೂ ಬಂತು. ರೇಡಿಯೊದ ನಾಲ್ವರು ಮುಖ್ಯ ನಟರಲ್ಲಿ ಒಬ್ಬರಿಗೂ ಅಲ್ಲಿ ತಮ್ಮ ಪಾತ್ರ ಸಿಗಲಿಲ್ಲ. ಡಾಕ್ಟರ್ ಪಾತ್ರ ಮಿಲ್ಬರ್ನ್ ಸ್ಟೋನ್ ಪಾಲಾಯಿತು. ರೇಡಿಯೊ ಸರಣಿ 1961ರವರೆಗೂ ನಡೆಯಿತು. ಅಂದರೆ ಮೆಕ್‌ನಿಯರ್ ಇಲ್ಲಿ ಅದೇ ಡಾಕ್ಟರಾಗಿ ಮಾತಾಡುತ್ತಿದ್ದಾಗ, ಅಲ್ಲಿ ಬೇರೆಯವರು ಆ ಪಾತ್ರ ಮಾಡುತ್ತಿದ್ದರು. ಇದು ಅನ್ಯಾಯವೇ ಅಲ್ವಾ?

ಆದರೆ ಅದೇ 1961ರಲ್ಲಿ ಟಿವಿ ಅವರಿಗೆ ಇನ್ನೊಂದು ಪಾತ್ರ ಕೊಟ್ಟಿತು. ‘ದಿ ಆಂಡಿ ಗ್ರಿಫಿತ್ ಷೋ’ ಎಂಬ ಹಾಸ್ಯ ಸರಣಿಯಲ್ಲಿ ಕ್ಷೌರದಂಗಡಿಯ ಫ್ಲಾಯ್ಡ್. ಮಾತು ಶುರುಮಾಡಿ ನಡುವೆ ತಡೆಯುವವನು, ಹೇಳಹೊರಟದ್ದು ಬಿಟ್ಟು ಎಲ್ಲೋ ಹೋಗುವವನು. ಸುಮ್ನೆ ಬರುವ ಕಲೆಯಲ್ಲ ಅದು. ಎಲ್ಲಿ ಎಷ್ಟು ಹೊತ್ತು ತಡೆಯಬೇಕು ಎಂಬ ಲೆಕ್ಕ ಮೈಕಿನ ಮುಂದೆ ಪಳಗಿದವರಿಗೆ ಗೊತ್ತು.

ಎರಡು ವರ್ಷವಾಗುವಷ್ಟರಲ್ಲಿ ಮೆಕ್‌ನಿಯರ್‌ಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಸ್ವಾಧೀನ ತಪ್ಪಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಕಾಣಿಸಲಿಲ್ಲ. 1964ರಲ್ಲಿ ಮರಳಿದಾಗ ತಂಡದವರು ಅವರನ್ನು ಜಾಸ್ತಿ ಕೂತೇ ತೋರಿಸಿದರು. ನಿಂತಿರುವಂತೆ ಕಾಣಬೇಕಾದಾಗ ಮೈಗೆ ಆಸರೆ ಕೊಡುವ ಸಾಧನವೊಂದನ್ನು ಮಾಡಿಸಿದ್ದರು. ಓಡಾಟವೇನೋ ಕಡಿಮೆಯಾಯಿತು. ಮಾತಿನ ವರಸೆ ಮಾತ್ರ ಹಾಗೇ ಇತ್ತು. ಹೀಗೆ 1967ರವರೆಗೂ ನಟಿಸಿದರು. 1969ರ ಜನವರಿಯಲ್ಲಿ ತೀರಿಕೊಂಡರು.

‘ಗನ್‌ಸ್ಮೋಕ್’ ರೇಡಿಯೊ ಕಂತುಗಳ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಫ್ಲಾಯ್ಡ್‌ನನ್ನು ನೋಡಿ. ಇಬ್ಬರೂ ಒಬ್ಬರೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನಮಸ್ಕಾರ.