ತೊಟ್ಟು ತೆಗೆಯೋ ಅವ್ವನ ಕೂಸು ಎಲ್ಲಿರಬೇಕು?

ನಮಸ್ಕಾರ. ಹೋದ ಸುಗ್ಗಿಯಲ್ಲಿ ಬ್ಯಾಡಗಿ ಕಡೆ ಒಂದು ಮೆಣಸಿನಕಾಯಿ ಶೆಡ್‌ಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಸೀನು, ಕೆಮ್ಮು, ಕಣ್ಣಲ್ಲಿ ನೀರು. ಹತ್ತು ನಿಮಿಷ ನಿಲ್ಲೋಕಾಗಲಿಲ್ಲ. ಆ ಘಾಟಿನಲ್ಲೇ ಮೂವತ್ತು ನಲವತ್ತು ಹೆಣ್ಣುಮಕ್ಕಳು ರಾಶಿ ಸುತ್ತ ಕೂತು ತೊಟ್ಟು ತೆಗೆಯುತ್ತಿದ್ದರು. ಪಕ್ಕದ ಕಂಬಕ್ಕೆ ಹಳೇ ಸೀರೆಯ ಜೋಳಿಗೆ, ಅದರೊಳಗೆ ಏಳೆಂಟು ತಿಂಗಳ ಕೂಸು.

ಕೂಸು ಅತ್ತಿತು. ಅದರ ಅವ್ವ ಎದ್ದರು, ಆದರೆ ತಕ್ಷಣ ಎತ್ತಿಕೊಳ್ಳಲಿಲ್ಲ. ಹೊರಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು, ಕೊಬ್ಬರಿ ಎಣ್ಣೆ ಸವರಿ ತಿಕ್ಕಿದರು, ಮತ್ತೆ ತೊಳೆದರು, ಆಮೇಲೆ ಹಾಲು ಕುಡಿಸೋಕೆ ಕೂತರು. ಇಷ್ಟಾದರೂ ಕೂಸಿನ ಕೆನ್ನೆಗೆ ಬೆರಳು ತಾಗಿಸಲಿಲ್ಲ, ಸೆರಗಿನ ತುದಿಯಿಂದಲೇ ಬಾಯಿ ಒರೆಸಿದರು. "ಮನ್ಯಾಗ ನೋಡ್ಕೊಳ್ಳಾಕ ಯಾರದಾರ್ರೀ ಅಕ್ಕಾ?" ಅಂದರು. ಕೂಲಿ ತೂಕದ ಮೇಲೆ. ಎದ್ದಷ್ಟು ಹೊತ್ತೂ ದುಡ್ಡು ಕಡಿಮೆ.

ಅಂಗನವಾಡಿ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ. 1975ರ ಅಕ್ಟೋಬರ್ 2ಕ್ಕೆ ಶುರುವಾದ ಯೋಜನೆ ಅದು, ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದೆ, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಊಟ ಕೊಟ್ಟಿದೆ. ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಕಾಗದದ ಮೇಲೆ ಹುಟ್ಟಿದ ಕೂಸಿನಿಂದ 6 ವರ್ಷದವರೆಗೆ ಅಂತಿದ್ದರೂ, ಒಳಗೆ ಕೂತು ಆಡಿ, ಉಂಡು, ಹಾಡು ಕಲಿಯೋದು 3 ತುಂಬಿದ ಮಕ್ಕಳು ಮಾತ್ರ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಹಿಟ್ಟಿನ ಪಾಕೀಟು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದಾಗ 6 ತಿಂಗಳಿಂದ 3 ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ಅದರಲ್ಲಿ ಬರೆದಿತ್ತು. ಸರಿ, ಹಿಟ್ಟು ಮನೆಗೆ ಬಂತು. ಅದನ್ನ ಬೇಯಿಸಿ, ಆರಿಸಿ, ದಿನಕ್ಕೆ ಮೂರ್ನಾಲ್ಕು ಸಲ ಚಮಚದಲ್ಲಿ ತಿನ್ನಿಸೋರು ಯಾರು? ಅವ್ವ ಶೆಡ್‌ನಲ್ಲಿದ್ದಾರೆ.

ಮೆದುಳು ಎಲ್ಲಕ್ಕಿಂತ ಜೋರಾಗಿ ಬೆಳೆಯೋದು ಈ 3 ವರ್ಷದಲ್ಲೇ. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷ ತುಂಬೋವರೆಗಿನ ಮೊದಲ 1000 ದಿನ ಅಂತ ಡಾಕ್ಟರುಗಳು ಹೇಳ್ತಾನೇ ಇರ್ತಾರೆ. ಆಗ ಬೇಕಿರೋದು ಬರೀ ಊಟ ಅಲ್ಲ. ಮುಖ ನೋಡಿ ಮಾತಾಡಿಸೋ, ನಗಿಸೋ ಒಬ್ಬರು ಪಕ್ಕದಲ್ಲಿರಬೇಕು.

ಅಮೆರಿಕದವರಿಗೂ ಇದು ತಡವಾಗಿಯೇ ಹೊಳೆಯಿತು. ಬಡವರ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಅನ್ನೋ, ಶಾಲೆಗೆ ಮುಂಚಿನ ಯೋಜನೆ ಶುರು ಮಾಡಿದ್ದು 1965ರಲ್ಲಿ. ಮುಖ್ಯವಾಗಿ ಅದು 3 ದಾಟಿದವರಿಗೆ. ಗರ್ಭಿಣಿಯರಿಗೂ 3 ವರ್ಷದೊಳಗಿನ ಕೂಸುಗಳಿಗೂ ಅಂತಲೇ ಅರ್ಲಿ ಹೆಡ್ ಸ್ಟಾರ್ಟ್ ಬಂದದ್ದು 30 ವರ್ಷ ಆದಮೇಲೆ, 1995ರಲ್ಲಿ. ಅದರ ಕೇಂದ್ರಗಳಲ್ಲಿ ನಾಲ್ಕು ಕೂಸಿಗೆ ಒಬ್ಬರು ನೋಡಿಕೊಳ್ಳೋರು ಇರಬೇಕು ಅಂತ ನಿಯಮ. ನಮ್ಮಲ್ಲೋ ಒಬ್ಬ ಅಂಗನವಾಡಿ ಅಕ್ಕೋರು, ಒಬ್ಬ ಸಹಾಯಕಿ. ಅವರೇ ಪಾಠ, ಅವರೇ ತೂಕ, ಅವರೇ ಸರ್ವೆ, ಎಲೆಕ್ಷನ್ ಬಂದರೆ ಮತದಾರರ ಪಟ್ಟಿಯೂ ಅವರ ತಲೆಗೇ. ಹಾಲು ಕುಡಿಯೋ ಕೂಸುಗಳನ್ನೂ ಅವರ ಮಡಿಲಿಗೆ ಹಾಕಿ ಅಂತ ನಾನು ಯಾವತ್ತೂ ಹೇಳೋದಿಲ್ಲ.

2023-24ರ ಬಜೆಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕೂಸಿನ ಮನೆ ಅಂತ, ಅವ್ವ ಕೆಲಸಕ್ಕೆ ಹೋದಾಗ ಕೂಸು ನೋಡಿಕೊಳ್ಳೋ ಕೇಂದ್ರಗಳನ್ನ ತಂದಿತು, 4000 ಗ್ರಾಮ ಪಂಚಾಯಿತಿಗಳಲ್ಲಿ. ತುಂಬಾ ಒಳ್ಳೇದು. ಆದರೆ ಅದು ನರೇಗಾ ಕೆಲಸಕ್ಕೆ ಹೋಗೋ ತಾಯಂದಿರನ್ನ ಮನಸ್ಸಲ್ಲಿಟ್ಟು ಮಾಡಿದ್ದು. ಮೆಣಸಿನಕಾಯಿ ಶೆಡ್ಡು ನರೇಗಾ ಅಲ್ಲ, ಬ್ಯಾಡಗಿ ಪಟ್ಟಣವೂ ಗ್ರಾಮ ಪಂಚಾಯಿತಿ ಅಲ್ಲ. ಹುಬ್ಬಳ್ಳಿಯಲ್ಲಿ ಮನೆಗೆಲಸಕ್ಕೆ ಹೋಗೋರು, ಗಾರೆ ಕೆಲಸದೋರು, ಇವರದ್ದೂ ಅದೇ ಕಥೆ. 26 ವಾರದ ಹೆರಿಗೆ ರಜೆ ಅನ್ನೋದು ಇವರ ಪಾಲಿಗೆ ಬರೀ ಸುದ್ದಿ.

ಆ ಶೆಡ್‌ನಲ್ಲಿ ಇನ್ನೊಂದು ಕೂಸನ್ನ ಸೊಂಟದ ಮೇಲಿಟ್ಟುಕೊಂಡು ಅದರ ಅಕ್ಕ ನಿಂತಿದ್ದಳು. ಎಂಟು ಒಂಬತ್ತು ವರ್ಷ ಇರಬಹುದು. ಗುರುವಾರ ಅದು, ಶಾಲೆ ಇರೋ ದಿನ.

ನಾನು ಕೇಳೋದು ಒಂದೇ ಕೋಣೆ. ಇಷ್ಟು ಹೆಣ್ಣುಮಕ್ಕಳು ಒಂದೇ ಕಡೆ ದುಡಿಯೋ ಜಾಗದ ಹತ್ತಿರ, ಘಾಟು ಬರದಷ್ಟು ದೂರ. ನೀರು, ಫ್ಯಾನು, ಹಾಲು ಕುಡಿಸೋಕೆ ಮರೆ, ತರಬೇತಿ ಆದ ಇಬ್ಬರು ಹೆಣ್ಣುಮಕ್ಕಳು, ಅವರಿಗೆ ಹೊಟ್ಟೆ ತುಂಬೋ ಸಂಬಳ. ಕೆಲಸ ಎಷ್ಟು ಹೊತ್ತಿಗೆ ಶುರುವೋ ಅಷ್ಟೊತ್ತಿಗೆ ಬಾಗಿಲು ತೆಗೆಯಬೇಕು, ಕೊನೇ ಅವ್ವ ಬರೋವರೆಗೂ ಮುಚ್ಚಬಾರದು. ಒಂದೊಂದು ಸುಗ್ಗಿಗೆ ಕೋಟಿಗಟ್ಟಲೆ ವಹಿವಾಟು ನಡೆಯೋ ಊರು ಅದು. ಪುರಸಭೆ, ವರ್ತಕರು, ಮಹಿಳಾ ಮತ್ತು ಮಕ್ಕಳ ಇಲಾಖೆ ಒಂದು ಸಲ ಕೂತು ಮಾತಾಡಲಿ. ಡಿಸೆಂಬರ್‌ಗೆ ಮತ್ತೆ ಮೆಣಸಿನಕಾಯಿ ಬರೋಕೆ ಶುರುವಾಗುತ್ತೆ, ಕೋಣೆ ಅಷ್ಟರೊಳಗೆ ಬೇಕು.